ಪ್ರತಿಯೊಂದಕ್ಕೂ ಅದರ ಹಕ್ಕು ಸಲ್ಲಲಿ



ಮಾರ್ಚ್ ತಿಂಗಳು ಬಂತೆಂದರೆ ನಮ್ಮ ಮನೆಗಳ ಗೋಡೆಯ ಮೇಲೆ ಎರಡು ಕಾಗದಗಳು ಅಕ್ಕಪಕ್ಕದಲ್ಲಿ ಕಾಣಿಸಿಕೊಳ್ಳುತ್ತವೆ. ಒಂದು, ಮಸೀದಿಯವರು ಹಂಚಿದ ನಮಾಝಿನ ವೇಳಾಪಟ್ಟಿ. ಇನ್ನೊಂದು, ಮಕ್ಕಳು ತಾವೇ ಬರೆದು ಅಂಟಿಸಿದ ಪರೀಕ್ಷೆಯ ವೇಳಾಪಟ್ಟಿ. ಕೆಲವು ವರ್ಷಗಳಿಂದ ಈ ಎರಡೂ ಕಾಗದಗಳು ಒಂದರ ಮೇಲೊಂದು ಬೀಳುತ್ತಿವೆ. 2024ರಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆಯು ಮಾರ್ಚ್ 25ರಿಂದ ಏಪ್ರಿಲ್ 6ರ ವರೆಗೆ ನಡೆಯಿತು. ಅದು ಪೂರ್ತಿಯಾಗಿ ರಮಝಾನಿನೊಳಗೆ ಬಂತು. 2025ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ಮಾರ್ಚ್ 1ರಂದು ಆರಂಭವಾದರೆ ಮರುದಿನವೇ ಉಪವಾಸ ಆರಂಭವಾಯಿತು. ಆ ವರ್ಷದ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಇನ್ನೂ ಮುಗಿಯದಿರುವಾಗಲೇ ಮಾರ್ಚ್ 31ರಂದು ಈದುಲ್ ಫಿತ್ರ್ ಬಂತು. ಹೊಸ ಬಟ್ಟೆ ತೊಟ್ಟು ಈದ್‌ಗಾಹ್‌ನಿಂದ ಮರಳಿದ ಮಕ್ಕಳು ಮತ್ತೆ ಪುಸ್ತಕ ಹಿಡಿದು ಕುಳಿತರು.

ಚಾಂದ್ರಮಾನ ವರ್ಷವು ಸೌರಮಾನಕ್ಕಿಂತ ಸುಮಾರು ಹನ್ನೊಂದು ದಿನ ಚಿಕ್ಕದು. ಆದ್ದರಿಂದ ರಮಝಾನ್ ಪ್ರತಿವರ್ಷವೂ ಅಷ್ಟು ಹಿಂದಕ್ಕೆ ಸರಿಯುತ್ತಾ ಸುಮಾರು 33 ವರ್ಷಗಳಲ್ಲಿ ಒಂದು ಸುತ್ತು ಮುಗಿಸುತ್ತದೆ. ಅದು ಪರೀಕ್ಷೆಯ ದಿನಗಳನ್ನು ದಾಟಿ ಹೋಗುವ ಕಾಲ ಬರುತ್ತದೆ. ಆದರೆ ಬಾಳಿನಲ್ಲಿ ಕರ್ತವ್ಯಗಳು ಒಟ್ಟೊಟ್ಟಿಗೆ ಬಂದು ಬೀಳುವುದು ತಪ್ಪುವುದಿಲ್ಲ. ಅಂತಹ ಸಂದರ್ಭದಲ್ಲಿ ಸತ್ಯವಿಶ್ವಾಸಿಯು ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಇಲ್ಲಿ ಸ್ವಲ್ಪ ಯೋಚಿಸೋಣ.

ಒಬ್ಬ ಹುಡುಗಿಯ ಪ್ರಶ್ನೆ

2025ರ ರಮಝಾನಿನ ಮೊದಲ ವಾರ. ತರಾವೀಹ್ ಮುಗಿಸಿ ಹೊರಬರುತ್ತಿದ್ದಾಗ ಗೆಳೆಯರೊಬ್ಬರು ನನ್ನ ಕೈ ಹಿಡಿದು, “ಸ್ವಲ್ಪ ಮನೆಗೆ ಬನ್ನಿ, ಮಗಳಿಗೆ ನಾಲ್ಕು ಬುದ್ಧಿಮಾತು ಹೇಳಿ” ಎಂದರು. ಮಗಳು ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ. ಪರೀಕ್ಷೆಗೆ ಹೋಗಿ ಅರ್ಧ ಗಂಟೆ ಪ್ರಶ್ನೆಪತ್ರಿಕೆಯನ್ನು ನೋಡುತ್ತಾ ಸುಮ್ಮನೆ ಕುಳಿತಿದ್ದಳಂತೆ. ಓದಿದ್ದೆಲ್ಲ ಮರೆತುಹೋಗಿತ್ತಂತೆ.

ನಾನು ಬುದ್ಧಿ ಹೇಳುವ ಮೊದಲು ಅವಳ ದಿನಚರಿಯನ್ನು ಕೇಳಿದೆ. ಸಹರಿಗೆ ಅಡುಗೆ ಮಾಡಲು ತಾಯಿಯೊಂದಿಗೆ ಮೂರೂವರೆಗೆ ಏಳುತ್ತಾಳೆ. ಬೆಳಿಗ್ಗೆ ಪರೀಕ್ಷೆ. ಪರೀಕ್ಷೆ ಇಲ್ಲದ ದಿನ ಮಧ್ಯಾಹ್ನದವರೆಗೆ ಓದು. ಅನಂತರ ಸಿಇಟಿ ತರಬೇತಿ. ಅಲ್ಲಿಂದ ಬಂದವಳೇ ಇಫ್ತಾರಿಗೆ ಸಮೋಸ ಕರಿಯಬೇಕು, ಹಣ್ಣು ಹೆಚ್ಚಬೇಕು. ರಾತ್ರಿ ಪಾತ್ರೆ ತೊಳೆದು, ತರಾವೀಹ್ ಮುಗಿಸಿ, ಮತ್ತೆ ಒಂದೂವರೆಯವರೆಗೆ ಓದು. ಎರಡು ಗಂಟೆಯ ನಿದ್ದೆ. ಇದರ ನಡುವೆ ಅಣ್ಣನ ನಿಕಾಹ್‌ನ ಮಾತುಕತೆ. ಆ ನಿಕಾಹನ್ನು ನಿಶ್ಚಯಿಸಿದ್ದು ಏಪ್ರಿಲ್ 16ಕ್ಕೆ. ಆ ವರ್ಷ ಸಿಇಟಿ ಇದ್ದದ್ದು ಏಪ್ರಿಲ್ 16 ಮತ್ತು 17ರಂದು!

ಅವಳು ತಲೆ ತಗ್ಗಿಸಿ ಹೇಳಿದಳು: “ಎಲ್ಲವೂ ಒಟ್ಟಿಗೇ ಬರ್ತದೆ ಚಾಚಾ. ಯಾವುದನ್ನು ಬಿಟ್ಟರೂ ಗುನಾಹ್ ಅನ್ನಿಸ್ತದೆ. ನಮಾಝಿಗೆ ನಿಂತರೆ ಕೆಮಿಸ್ಟ್ರಿ ನೆನಪಾಗ್ತದೆ. ಕೆಮಿಸ್ಟ್ರಿ ಓದೋಕೆ ಕೂತರೆ ಅಸ್ರ್ ನಮಾಝ್ ಹೋಯ್ತಲ್ಲ ಅಂತ ಅಳು ಬರ್ತದೆ.”

ಓದುಗರೇ, ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇದು ಸೋಮಾರಿಯ ನೆಪವಲ್ಲ. ಎಲ್ಲರ ಹಕ್ಕನ್ನೂ ತೀರಿಸಬೇಕೆಂದು ಹೊರಟು ಕೊನೆಗೆ ಯಾರ ಹಕ್ಕನ್ನೂ ತೀರಿಸಲಾಗದೆ ಬಳಲಿದ ಒಂದು ಎಳೆಯ ಮನಸ್ಸಿನ ಮಾತು. ಇಂತಹ ಮಕ್ಕಳು ನಮ್ಮ ಪ್ರತಿಯೊಂದು ಮೊಹಲ್ಲಾದಲ್ಲೂ ಇದ್ದಾರೆ.

ಇಬ್ಬರು ಸಹೋದರರ ಒಂದು ರಾತ್ರಿ

ಅಂದು ನಾನು ಆ ಹುಡುಗಿಗೆ ಹೇಳಿದ್ದು ಬುಖಾರಿಯಲ್ಲಿ ಬಂದಿರುವ ಒಂದು ಘಟನೆಯನ್ನು. ಹಿಜ್ರತ್‌ನ ನಂತರ ಪ್ರವಾದಿವರ್ಯರು(ಸ) ಹಝ್ರತ್ ಸಲ್ಮಾನ್ ಫಾರ್ಸಿ(ರ) ಮತ್ತು ಹಝ್ರತ್ ಅಬುದ್ದರ್ದಾ(ರ)ರ ನಡುವೆ ಸಹೋದರತ್ವದ ಬಂಧವನ್ನು ಏರ್ಪಡಿಸಿದ್ದರು. ಒಂದು ದಿನ ಸಲ್ಮಾನ್(ರ) ತಮ್ಮ ಸಹೋದರನ ಮನೆಗೆ ಹೋದಾಗ ಮನೆಯಾಕೆ ಮಾಸಿದ ಬಟ್ಟೆಯಲ್ಲಿದ್ದುದನ್ನು ಕಂಡರು. ಕಾರಣ ಕೇಳಿದಾಗ, ನಿಮ್ಮ ಸಹೋದರನಿಗೆ ಈ ಲೋಕದ ಗೊಡವೆಯೇ ಇಲ್ಲವೆಂದು ಆಕೆ ತಿಳಿಸಿದರು. ಅಬುದ್ದರ್ದಾ(ರ) ಅತಿಥಿಗೆ ಊಟ ಬಡಿಸಿ ತಾವು ಉಪವಾಸವೆಂದರು. ಅದು ಐಚ್ಛಿಕ ಉಪವಾಸವಾಗಿತ್ತು. ನೀವು ಉಣ್ಣದೆ ನಾನೂ ಉಣ್ಣಲಾರೆನೆಂದು ಸಲ್ಮಾನ್(ರ) ಪಟ್ಟುಹಿಡಿದು ಉಣ್ಣಿಸಿದರು. ರಾತ್ರಿಯಾದೊಡನೆ ಅಬುದ್ದರ್ದಾ(ರ) ನಮಾಝಿಗೆ ಎದ್ದರು. ಮಲಗಿ ಎಂದರು ಸಲ್ಮಾನ್(ರ). ಮತ್ತೆ ಎದ್ದರು. ಮತ್ತೆ ಮಲಗಿಸಿದರು. ರಾತ್ರಿಯ ಕೊನೆಯ ಭಾಗ ಬಂದಾಗ, ಈಗ ಏಳಿ ಎಂದು ತಾವೇ ಎಬ್ಬಿಸಿದರು. ಇಬ್ಬರೂ ಜೊತೆಯಾಗಿ ನಮಾಝ್ ಮಾಡಿದರು.

ಆಮೇಲೆ ಸಲ್ಮಾನ್(ರ) ತಮ್ಮ ಸಹೋದರನಿಗೆ ತಿಳಿಹೇಳಿದ್ದು ಇಷ್ಟು: ಪ್ರಭುವಿಗೆ ನಿಮ್ಮ ಮೇಲೆ ಹಕ್ಕಿದೆ, ನಿಮ್ಮ ಶರೀರಕ್ಕೂ ಹಕ್ಕಿದೆ, ಮನೆಯವರಿಗೂ ಹಕ್ಕಿದೆ. ಆದ್ದರಿಂದ ಪ್ರತಿಯೊಬ್ಬ ಹಕ್ಕುದಾರನಿಗೂ ಅವನ ಹಕ್ಕನ್ನು ಸಲ್ಲಿಸಬೇಕು. ಈ ವಿಷಯ ಪ್ರವಾದಿವರ್ಯರ(ಸ) ಮುಂದೆ ಬಂದಾಗ, ಸಲ್ಮಾನರ ಮಾತು ಸತ್ಯವೆಂದು ಅವರು ಒಪ್ಪಿಗೆ ನೀಡಿದರು.

ಇದರಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಒಂದು ಸಂಗತಿಯಿದೆ. ಸಲ್ಮಾನ್(ರ) ಸಹೋದರನಿಗೆ ಯಾವುದನ್ನೂ ಬಿಟ್ಟುಬಿಡಲು ಹೇಳಲಿಲ್ಲ. ಊಟ ಆಯಿತು, ನಿದ್ದೆ ಆಯಿತು, ರಾತ್ರಿಯ ನಮಾಝೂ ಆಯಿತು. ಅವರು ಮಾಡಿದ್ದು ಪ್ರತಿಯೊಂದನ್ನೂ ಅದರ ವೇಳೆಗೆ ಸರಿಯಾಗಿ ಕೂರಿಸಿದ್ದು ಮಾತ್ರ. ಮಲಗುವ ವೇಳೆಯಲ್ಲಿ ಮಲಗಿಸಿದರು, ಏಳುವ ವೇಳೆಯಲ್ಲಿ ಎಬ್ಬಿಸಿದರು. ಬೆನ್ನುಬೆನ್ನಿಗೆ ಬರುವ ಪರೀಕ್ಷೆಗಳ ಮುಂದೆ ದಿಕ್ಕೆಟ್ಟು ನಿಂತ ವಿದ್ಯಾರ್ಥಿಗೆ ಬೇಕಾದ ಪಾಠವೂ ಇದೇ. ಯಾವ ಕರ್ತವ್ಯದ ವೇಳೆ ಬಂದಿದೆಯೋ ಅದು ಈಗ ನಿಮ್ಮ ಕರ್ತವ್ಯ. ಉಳಿದವು ತಮ್ಮ ವೇಳೆಗಾಗಿ ಕಾಯಲಿ.

ಯಾವುದು ನಿಜವಾದ ಘರ್ಷಣೆ?

ಪ್ರಿಯ ವಿದ್ಯಾರ್ಥಿಗಳೇ, ಒಂದು ಹಾಳೆಯನ್ನು ತೆಗೆದುಕೊಳ್ಳಿ. ನಮಾಝ್, ಪರೀಕ್ಷೆ, ಓದು, ತರಬೇತಿ, ನಿದ್ದೆ, ಮನೆಗೆಲಸ ಎಲ್ಲವನ್ನೂ ಗಂಟೆ ಸಮೇತ ಬರೆಯಿರಿ. ಒಂದೇ ಗಂಟೆಯಲ್ಲಿ ಎರಡು ಕೆಲಸಗಳು ನಿಜವಾಗಿಯೂ ಎಲ್ಲಿ ಬೀಳುತ್ತವೆಯೋ ಅಲ್ಲಿ ಗುರುತು ಹಾಕಿರಿ. ನೂರು ಘರ್ಷಣೆಗಳಿವೆಯೆಂದು ಹೆದರಿದ್ದವರಿಗೆ ಎರಡೋ ಮೂರೋ ಸಿಗುತ್ತವೆ. ಉಳಿದವು ಮನಸ್ಸಿನ ಗಾಬರಿ.

ಝುಹ್ರ್ ನಮಾಝನ್ನು ನೋಡಿ. ಪರೀಕ್ಷೆ ಮಧ್ಯಾಹ್ನ ಒಂದು, ಒಂದೂಮುಕ್ಕಾಲರ ಸುಮಾರಿಗೆ ಮುಗಿಯುತ್ತದೆ. ನಮ್ಮ ನಾಡಿನಲ್ಲಿ ಮಾರ್ಚ್ ತಿಂಗಳಲ್ಲಿ ಝುಹ್ರ್‌ನ ವೇಳೆ ಹನ್ನೆರಡೂವರೆಯ ಸುಮಾರಿಗೆ ಆರಂಭವಾಗಿ ಅಸ್ರ್‌ವರೆಗೆ ಇರುತ್ತದೆ. ಕರಾವಳಿಯ ಶಾಫಿಈ ಬಾಂಧವರಿಗೂ ಒಳನಾಡಿನ ಹನಫೀ ಬಾಂಧವರಿಗೂ ಅಸ್ರ್‌ನ ಆರಂಭದಲ್ಲಿ ವ್ಯತ್ಯಾಸವಿದ್ದರೂ ಪರೀಕ್ಷೆ ಮುಗಿದ ಮೇಲೆ ಇಬ್ಬರಿಗೂ ಧಾರಾಳ ಸಮಯ ಸಿಗುತ್ತದೆ. ಇಲ್ಲಿ ಘರ್ಷಣೆಯೇ ಇಲ್ಲ. ಪರೀಕ್ಷಾ ಕೇಂದ್ರದ ಹೊರಗೆ ನಿಂತು ಗೆಳೆಯರೊಂದಿಗೆ ಉತ್ತರ ಹೋಲಿಸುವ ಹೊತ್ತಿನಲ್ಲಿ ನಾಲ್ಕು ರಕಅತ್ ಮುಗಿಯುತ್ತದೆ.

ಶುಕ್ರವಾರದ ಪರೀಕ್ಷೆ ಮಾತ್ರ ಹುಡುಗರಿಗೆ ನಿಜವಾದ ತೊಡಕು. ಕೊಠಡಿಯಿಂದ ಓಡಿ ಬರುವಷ್ಟರಲ್ಲಿ ಖುತ್ಬಾ ಮುಗಿದಿರುತ್ತದೆ. ಇದಕ್ಕೆ ಅಂದು ಬೆಳಿಗ್ಗೆ ಅಲ್ಲ, ಎರಡು ವಾರ ಮೊದಲೇ ದಾರಿ ಹುಡುಕಬೇಕು. ಪರೀಕ್ಷಾ ಕೇಂದ್ರದ ಹತ್ತಿರ ತಡವಾಗಿ ಜುಮಾ ನಡೆಯುವ ಮಸೀದಿ ಇದೆಯೇ ವಿಚಾರಿಸಿರಿ. ಇಲ್ಲವಾದರೆ ನಿಮ್ಮ ಹಿರಿಯರ ಮೂಲಕ ಮಸೀದಿ ಕಮಿಟಿಯವರಲ್ಲಿ ಖುತ್ಬಾವನ್ನು ಆ ದಿನ ಸ್ವಲ್ಪ ತಡವಾಗಿ ಆರಂಭಿಸಲು ಕೇಳಿಕೊಳ್ಳಿ. ಯಾವ ದಾರಿಯೂ ಸಿಗದಿದ್ದರೆ ನಿಮ್ಮ ಇಮಾಮರಲ್ಲಿ ಮಸ್‌ಅಲಾ ಕೇಳಿ ಅದರಂತೆ ನಡೆಯಿರಿ. ನಿರ್ವಾಹವಿಲ್ಲದೆ ಜುಮಾ ತಪ್ಪಿದವನು ಝುಹ್ರ್ ನಮಾಝನ್ನಂತೂ ಅದರ ವೇಳೆಯಲ್ಲೇ ನಿರ್ವಹಿಸಬೇಕು.

ಇನ್ನು ಉಪವಾಸ. ಪರೀಕ್ಷೆ ಇದೆ ಎಂಬ ಒಂದೇ ಕಾರಣಕ್ಕೆ ಫರ್ಝ್ ಉಪವಾಸವನ್ನು ಬಿಡಬಾರದೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಆದರೆ ರೋಗಿಗೆ ಕುರ್‌ಆನ್ ರಿಯಾಯಿತಿ ನೀಡಿದೆ, ಬೇರೆ ದಿನಗಳಲ್ಲಿ ಪೂರ್ತಿಗೊಳಿಸಲು ಅನುಮತಿಸಿದೆ. ಅಲ್ಲಾಹನು ನಮಗೆ ಸುಲಭವನ್ನು ಬಯಸುತ್ತಾನೆಯೇ ಹೊರತು ಕಷ್ಟವನ್ನಲ್ಲ ಎಂದು ಉಪವಾಸದ ಆಜ್ಞೆಯ ಜೊತೆಯಲ್ಲಿಯೇ ತಿಳಿಸಲಾಗಿದೆ. ನಿಜವಾಗಿಯೂ ಅಸ್ವಸ್ಥರಾದವರು ವೈದ್ಯರಲ್ಲೂ ಆಲಿಮರಲ್ಲೂ ಕೇಳಬೇಕೇ ಹೊರತು ನಾಚಿಕೆಯಿಂದ ಅಡಗಿಸಿ ಅಪಾಯ ತಂದುಕೊಳ್ಳಬಾರದು.

ತರಾವೀಹ್ ಪುಣ್ಯದ ನಮಾಝ್. ಅದರಲ್ಲಿ ಸಂದೇಹವಿಲ್ಲ. ಆದರೆ ಅದು ಫರ್ಝ್ ಅಲ್ಲ. ಮರುದಿನ ಪರೀಕ್ಷೆ ಇರುವ ರಾತ್ರಿ ಮನೆಯಲ್ಲೇ ಚಿಕ್ಕ ಸೂರಾಗಳೊಂದಿಗೆ ಮುಗಿಸಿ ಬೇಗ ಮಲಗುವ ಹುಡುಗನನ್ನು ಯಾರೂ ಹೀಯಾಳಿಸದಿರಲಿ. ಇಫ್ತಾರಿನ ಸಮೋಸವಂತೂ ಫರ್ಝೂ ಅಲ್ಲ, ಸುನ್ನತೂ ಅಲ್ಲ! ಖರ್ಜೂರ ಮತ್ತು ನೀರಿನಿಂದ ಉಪವಾಸ ಬಿಡುವುದೇ ಸುನ್ನತ್.

ಬರುವ ಮೊದಲೇ ಸಿದ್ಧತೆ

ಪರೀಕ್ಷೆಗಳ ನಡುವೆ ಒಂದೇ ದಿನದ ಬಿಡುವು ಇದ್ದಾಗ ಆ ಒಂದು ದಿನದಲ್ಲಿ ವರ್ಷದ ಪಾಠವನ್ನು ಓದಲಾಗದು. ಸೂರಾ ಯೂಸುಫ್‌ನಲ್ಲಿ ಅಲ್ಲಾಹನು ನಮಗೆ ತಿಳಿಸಿದ ಘಟನೆಯನ್ನು ನೆನೆಯಿರಿ. ಏಳು ವರ್ಷ ಸಮೃದ್ಧಿ, ಅದರ ಬೆನ್ನಿಗೇ ಏಳು ವರ್ಷ ಬರಗಾಲ. ಯೂಸುಫ್(ಅ) ಬರಗಾಲ ಬಂದ ಮೇಲೆ ಧಾನ್ಯ ಹುಡುಕಲು ಹೊರಡಲಿಲ್ಲ. ಸಮೃದ್ಧಿಯ ದಿನಗಳಲ್ಲೇ, ತಿನ್ನುವಷ್ಟನ್ನು ಬಿಟ್ಟು ಉಳಿದುದನ್ನು ತೆನೆಯಲ್ಲೇ ಕೂಡಿಡಲು ತಿಳಿಸಿದರು. ಅಲ್ಲಾಹನ ಮೇಲೆ ಅವರಿಗಿದ್ದ ಭರವಸೆಗೆ ಈ ಮುಂದಾಲೋಚನೆ ಅಡ್ಡಿಯಾಗಲಿಲ್ಲ. ಪರೀಕ್ಷೆಯ ವೇಳಾಪಟ್ಟಿ ಕೈಗೆ ಬಂದ ದಿನವೇ, ಬಿಡುವು ಕಡಿಮೆ ಇರುವ ವಿಷಯ ಯಾವುದೆಂದು ನೋಡಿ ಅದನ್ನೇ ಮೊದಲು ಓದಿ ಮುಗಿಸಿರಿ. ಬಿಡುವು ಹೆಚ್ಚಿರುವ ವಿಷಯವು ಆಮೇಲೆ ಬರಲಿ. ಕೊನೆಯ ದಿನ ಹೊಸದನ್ನು ಓದಲು ಹೊರಡದೆ, ಓದಿದ್ದನ್ನು ಮೆಲುಕು ಹಾಕಿರಿ.

ಓದಿಗೆ ಯಾವ ವೇಳೆ ಒಳ್ಳೆಯದೆಂದು ಕೇಳುವಿರಾ? ತಮ್ಮ ಸಮುದಾಯದ ಮುಂಜಾವಿನ ವೇಳೆಗೆ ಬರಕತ್ ನೀಡುವಂತೆ ಪ್ರವಾದಿವರ್ಯರು(ಸ) ಪ್ರಾರ್ಥಿಸಿದ್ದರು. ಇದನ್ನು ವರದಿ ಮಾಡಿದ ಸಹಾಬಿ ಸಖ್ರ್ ಅಲ್ ಗಾಮಿದಿ(ರ) ವ್ಯಾಪಾರಿಯಾಗಿದ್ದರು. ಅವರು ತಮ್ಮ ಸರಕನ್ನು ಮುಂಜಾನೆಯೇ ಕಳುಹಿಸುತ್ತಿದ್ದರು ಮತ್ತು ಶ್ರೀಮಂತರಾದರು ಎಂದು ಅಬೂದಾವೂದ್, ತಿರ್ಮಿದಿಗಳಲ್ಲಿದೆ. ಸಹರಿ ಮತ್ತು ಫಜ್ರ್ ಮುಗಿದ ನಂತರದ ಆ ತಂಪಾದ, ಸದ್ದಿಲ್ಲದ ಗಂಟೆಗಳನ್ನು ನಾವು ಹೆಚ್ಚಾಗಿ ಮುಸುಕು ಹೊದ್ದು ಕಳೆಯುತ್ತೇವೆ. ಆಗ ಓದಿರಿ. ಆ ನಿದ್ದೆಯನ್ನು ರಾತ್ರಿ ಬೇಗ ಮಲಗಿಯೂ ಮಧ್ಯಾಹ್ನ ಅರ್ಧ ಗಂಟೆ ಕೈಲೂಲಾ ಮಾಡಿಯೂ ತುಂಬಿಕೊಳ್ಳಿ. ಶರೀರದ ಹಕ್ಕನ್ನು ಕಸಿದುಕೊಂಡು ಓದಿದ್ದು ಕೊಠಡಿಯಲ್ಲಿ ನೆನಪಿಗೆ ಬಾರದು. ಆ ಹುಡುಗಿಗೆ ಆಗಿದ್ದೂ ಅದೇ.

ಒಂದು ಮುಗಿದ ಮೇಲೆ ಇನ್ನೊಂದು

ಎಷ್ಟೇ ಸಿದ್ಧತೆ ಮಾಡಿದರೂ ಕೆಲವೊಮ್ಮೆ ಕೆಲಸಗಳು ರಾಶಿ ಬೀಳುತ್ತವೆ. ಹಿಜ್ರಿ 5ರಲ್ಲಿ ನಡೆದ ಖಂದಕ್ ಯುದ್ಧದ ಒಂದು ದಿನ ಶತ್ರುಗಳ ಒತ್ತಡ ಎಷ್ಟಿತ್ತೆಂದರೆ, ಪ್ರವಾದಿವರ್ಯರಿಗೆ(ಸ) ಅಸ್ರ್ ನಮಾಝ್ ನಿರ್ವಹಿಸಲಾಗದೆ ಸೂರ್ಯ ಮುಳುಗಿತು. ಅವರಿಗೆ ಅದರಿಂದ ಬಹಳ ದುಃಖವಾಯಿತು. ಆದರೆ ಅವರು ಕೈಚೆಲ್ಲಿ ಕೂರಲಿಲ್ಲ. ಬುತ್‌ಹಾನ್ ಕಣಿವೆಗೆ ಹೋಗಿ ವುಝೂ ಮಾಡಿ ಮೊದಲು ಅಸ್ರ್ ನಮಾಝನ್ನೂ ಆಮೇಲೆ ಮಗ್ರಿಬ್ ನಮಾಝನ್ನೂ ನಿರ್ವಹಿಸಿದರು.

ಈ ಘಟನೆಯನ್ನು ನಮಾಝ್ ತಡ ಮಾಡಲು ನೆಪವಾಗಿಸಿಕೊಳ್ಳಬೇಡಿ. ಅದು ಪ್ರಾಣಕ್ಕೆ ಸಂಚಕಾರವಿದ್ದ ಯುದ್ಧ. ಇದರಿಂದ ನಾವು ಕಲಿಯಬೇಕಾದುದು ಬೇರೆ. ತಪ್ಪಿಹೋದುದಕ್ಕಾಗಿ ಅಳುತ್ತಾ ಕುಳಿತು ಮುಂದಿನದನ್ನೂ ಕಳೆದುಕೊಳ್ಳುವುದು ಪ್ರವಾದಿಯವರ ದಾರಿಯಲ್ಲ. ಆ ಹುಡುಗಿಯ ಅಸ್ರ್ ತಪ್ಪಿದ್ದರೆ ಎದ್ದು ಕಝಾ ಮಾಡಬೇಕು, ತೌಬಾ ಮಾಡಬೇಕು, ಆಮೇಲೆ ಮನಸ್ಸನ್ನು ಪೂರ್ತಿಯಾಗಿ ಪುಸ್ತಕದ ಮೇಲೆ ಇಡಬೇಕು. ನಮಾಝಿನಲ್ಲಿರುವಾಗ ನಮಾಝ್, ಪುಸ್ತಕದ ಮುಂದೆ ಪುಸ್ತಕ.

ಪರೀಕ್ಷೆ ಬರೆದ ಮೇಲೆಯೂ ಹೀಗೆಯೇ. ಇಂದಿನ ಗಣಿತದಲ್ಲಿ ಕಳೆದುಕೊಂಡ ಅಂಕಗಳನ್ನು ಲೆಕ್ಕ ಹಾಕುತ್ತಾ ನಾಳಿದ್ದಿನ ಭೌತಶಾಸ್ತ್ರವನ್ನು ಕೆಡಿಸಿಕೊಳ್ಳುವವರು ಎಷ್ಟೋ ಮಂದಿ. ನಿನಗೆ ಪ್ರಯೋಜನಕಾರಿಯಾದುದಕ್ಕಾಗಿ ಶ್ರಮಿಸು, ಅಲ್ಲಾಹನ ಸಹಾಯ ಬೇಡು, ಕೈಚೆಲ್ಲಬೇಡ, ಏನಾದರೂ ತೊಂದರೆಯಾದರೆ ‘ಹೀಗೆ ಮಾಡಿದ್ದರೆ’ ಎನ್ನುತ್ತಾ ಕೂರಬೇಡ ಎಂಬ ಆಶಯದ ಹದೀಸ್ ಮುಸ್ಲಿಮ್‌ನಲ್ಲಿದೆ. ಆ ‘ರೆ’ಯೇ ಶೈತಾನನ ಕೆಲಸಕ್ಕೆ ಬಾಗಿಲು ತೆರೆಯುತ್ತದೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಬರೆದ ಉತ್ತರಪತ್ರಿಕೆ ನಿಮ್ಮ ಕೈಬಿಟ್ಟಿದೆ. ಅದನ್ನು ಅಲ್ಲಾಹನಿಗೆ ಒಪ್ಪಿಸಿರಿ.

ಮಾತಾಪಿತರಿಗೆ, ಜಮಾಅತ್‌ನವರಿಗೆ

ಈಗ ಹಿರಿಯರಿಗೆ ಒಂದು ಮಾತು. ಅಂದು ಆ ಮನೆಯಲ್ಲಿ ನನಗೆ ಬುದ್ಧಿ ಹೇಳಬೇಕೆನಿಸಿದ್ದು ಮಗಳಿಗಲ್ಲ. ಅವಳ ಅಣ್ಣ ಅದೇ ಹೊತ್ತಿನಲ್ಲಿ ದಿಂಬಿಗೊರಗಿ ಮೊಬೈಲ್ ನೋಡುತ್ತಿದ್ದ. ಮಗ ಪರೀಕ್ಷೆ ಬರೆಯುವಾಗ ಮನೆಯಲ್ಲಿ ಸದ್ದು ಮಾಡಬೇಡಿ ಎನ್ನುವ ನಾವು, ಮಗಳು ಪರೀಕ್ಷೆ ಬರೆಯುವಾಗ ಅವಳ ಕೈಗೆ ಸೌಟು ಕೊಡುತ್ತೇವೆ. ಪ್ರವಾದಿವರ್ಯರು(ಸ) ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದಾಗ, ಮನೆಯವರ ಕೆಲಸದಲ್ಲಿ ನೆರವಾಗುತ್ತಿದ್ದರು, ನಮಾಝಿನ ವೇಳೆಯಾದಾಗ ಹೊರಡುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಆ ಸುನ್ನತನ್ನು ಜೀವಂತಗೊಳಿಸಲು ಪರೀಕ್ಷೆಯ ತಿಂಗಳಿಗಿಂತ ಒಳ್ಳೆಯ ಸಮಯ ಯಾವುದಿದೆ?

ನಿಕಾಹ್‌ನ ದಿನಾಂಕ ನಿಶ್ಚಯಿಸುವಾಗ ಸಭಾಭವನ ಸಿಗುತ್ತದೆಯೇ, ಗಲ್ಫ್‌ನಿಂದ ಮಾವ ಬರುತ್ತಾರೆಯೇ ಎಂದೆಲ್ಲ ವಿಚಾರಿಸುತ್ತೇವೆ. ಮನೆಯ ಮಗುವಿಗೆ ಪರೀಕ್ಷೆ ಇದೆಯೇ ಎಂದು ವಿಚಾರಿಸುವುದಿಲ್ಲ. ಸರಕಾರವೇ ಪರೀಕ್ಷೆಯ ದಿನವನ್ನು ಬದಲಿಸಿದ್ದುಂಟು. 2024ರಲ್ಲಿ ಸಿಇಟಿಯನ್ನು ಏಪ್ರಿಲ್ 20 ಮತ್ತು 21ಕ್ಕೆ ನಿಗದಿಪಡಿಸಲಾಗಿತ್ತು. 21ರಂದೇ ಎನ್‌ಡಿಎ ಪರೀಕ್ಷೆ ಇದ್ದುದರಿಂದ ಅದನ್ನು 18 ಮತ್ತು 19ಕ್ಕೆ ಬದಲಿಸಲಾಯಿತು. ಲಕ್ಷಾಂತರ ಮಕ್ಕಳ ಪರೀಕ್ಷೆಯನ್ನು ಬದಲಿಸಬಹುದಾದರೆ ಒಂದು ಮನೆಯ ವಲೀಮಾವನ್ನು ಬದಲಿಸಲಾಗದೇ?

ಮಸೀದಿ ಕಮಿಟಿಯವರೂ ಯೋಚಿಸಲಿ. ಇಕ್ಕಟ್ಟಾದ ಮನೆಗಳಲ್ಲಿ ಓದಲು ಮೂಲೆಯೂ ಇಲ್ಲದ ಮಕ್ಕಳಿದ್ದಾರೆ. ಮದ್ರಸದ ಒಂದು ಕೊಠಡಿಯನ್ನು ಆ ಒಂದು ತಿಂಗಳು ಅವರಿಗಾಗಿ ತೆರೆದಿಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ಪರೀಕ್ಷೆಯ ಮುನ್ನಾದಿನದ ರಾತ್ರಿ ಭಾಷಣದ ಧ್ವನಿವರ್ಧಕವನ್ನು ತಗ್ಗಿಸಿದರೆ ಅದೂ ಒಂದು ಸದ್ಕಾರ್ಯವೇ.

ಕೈತಪ್ಪಿದರೆ?

ಎಲ್ಲ ಮಾಡಿಯೂ ಒಂದು ವಿಷಯ ಕೈತಪ್ಪಬಹುದು. ಅಲ್ಲಿಗೆ ಬಾಳು ಮುಗಿಯುವುದಿಲ್ಲ. 2024ರಲ್ಲಿ ನಮ್ಮ ರಾಜ್ಯದಲ್ಲಿ ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಮೂರು ಬಾರಿ ಪರೀಕ್ಷೆ ನಡೆಸಿ, ಉತ್ತಮವಾಗಿ ಬಂದ ಅಂಕವನ್ನು ಉಳಿಸಿಕೊಳ್ಳಲು ಅವಕಾಶ ನೀಡಲಾಯಿತು. ಮನುಷ್ಯರು ಮಾಡಿದ ವ್ಯವಸ್ಥೆಯಲ್ಲೇ ಇನ್ನೊಂದು ಅವಕಾಶವಿರುವಾಗ ಪರಮ ದಯಾಮಯನ ಬಾಗಿಲಲ್ಲಿ ಅದು ಇಲ್ಲವೆಂದು ಭಾವಿಸಬೇಡಿ.

ಫಲಿತಾಂಶದ ದಿನ ಕೆಲವು ಮನೆಗಳಿಂದ ಬರುವ ಸುದ್ದಿ ಕೇಳಿದಾಗ ಎದೆ ನಡುಗುತ್ತದೆ. ಮಕ್ಕಳೇ, ಜೀವವು ಅಲ್ಲಾಹನ ಅಮಾನತ್. ಅಂಕಪಟ್ಟಿಗಾಗಿ ಅದನ್ನು ಕಳೆಯುವ ಹಕ್ಕು ನಮಗಿಲ್ಲ. ಮನಸ್ಸು ಕತ್ತಲಾದಾಗ ಒಂಟಿಯಾಗಿ ಕೂರಬೇಡಿ. ತಾಯಿಗೆ ಹೇಳಿ, ಅಧ್ಯಾಪಕರಿಗೆ ಹೇಳಿ, ಮಸೀದಿಯ ಇಮಾಮರಿಗೆ ಹೇಳಿ, ವೈದ್ಯರ ಬಳಿಗೂ ಹೋಗಿ. ತಂದೆ ತಾಯಂದಿರೇ, ಆ ದಿನ ಮಗು ಮನೆಗೆ ಬಂದಾಗ ಅಂಕ ಕೇಳುವ ಮೊದಲು ಊಟ ಮಾಡಿದೆಯಾ ಎಂದು ಕೇಳಿರಿ.

ಆ ಗೆಳೆಯರು ಮರುದಿನ ತರಾವೀಹ್‌ನ ಬಳಿಕ ಮತ್ತೆ ನನ್ನ ಕೈ ಹಿಡಿದರು. ನಿಕಾಹನ್ನು ಹತ್ತು ದಿನ ಮುಂದೂಡಿದ್ದರು. ಹುಡುಗಿಯ ಕಡೆಯವರು ಸಂತೋಷದಿಂದ ಒಪ್ಪಿದ್ದರಂತೆ. ಅವರ ಮನೆಯಲ್ಲೂ ಸಿಇಟಿ ಬರೆಯುವ ಮಗುವಿತ್ತು, ಕೇಳಲು ಸಂಕೋಚಪಟ್ಟಿದ್ದರಂತೆ. ಇಫ್ತಾರಿನ ಹಣ್ಣು ಹೆಚ್ಚುವ ಕೆಲಸ ಅಣ್ಣನಿಗೆ ಬಿತ್ತು. ಅವನು ಕಲ್ಲಂಗಡಿಯನ್ನು ಕೊಯ್ದ ರೀತಿಗೆ ಮನೆಯೆಲ್ಲ ನಕ್ಕಿತೆಂದು ಅವರು ನಗುತ್ತಲೇ ಹೇಳಿದರು. ಹುಡುಗಿ ಉಳಿದ ಪರೀಕ್ಷೆಗಳನ್ನು ನಿದ್ದೆ ಮಾಡಿ ಎದ್ದು ಬರೆದಳು. ಅವಳಿಗೆ ಎಷ್ಟು ಅಂಕ ಬಂತೆಂದು ನಾನು ಕೇಳಲಿಲ್ಲ. ಅಸ್ರ್ ತಪ್ಪುತ್ತಿಲ್ಲವೆಂದು ತಂದೆಯೇ ಹೇಳಿದರು.

ಓ ಅಲ್ಲಾಹ್! ನಮ್ಮ ಮಕ್ಕಳ ಜ್ಞಾನವನ್ನು ಹೆಚ್ಚಿಸು. ಅವರ ಕಷ್ಟಗಳನ್ನು ಸುಲಭಗೊಳಿಸು. ಪ್ರತಿಯೊಬ್ಬ ಹಕ್ಕುದಾರನಿಗೂ ಅವನ ಹಕ್ಕನ್ನು ಅದರ ವೇಳೆಯಲ್ಲಿ ಸಲ್ಲಿಸುವ ತೌಫೀಕನ್ನು ನಮಗೆಲ್ಲ ಅನುಗ್ರಹಿಸು. ಆಮೀನ್.